ಹನ್ನೆರಡು ಮನೆಗೆ ಒಂದೇ ತಂತಿ

ಟಾಲ್ಬಟ್ ಕ್ರಾಸಿಂಗ್, ಇಂಡಿಯಾನಾ
ಮಂಗಳವಾರ, ಅಕ್ಟೋಬರ್ ೧೪, ೧೯೨೪

ಪ್ರೀತಿಯ ಡೆಲಿಯಾ,

ನಿನ್ನ ಕಾಗದ ಬಂದು ಇಪ್ಪತ್ತಮೂರು ದಿನವಾಯಿತು. ನೀನು ರಸ್ತೆಯಾಚೆಯ ಮನೆಯಲ್ಲಿದ್ದಾಗಲೇ ದಿನಕ್ಕೆರಡು ಚೀಟಿ ಬರೆದು ಬೇಲಿಗೆ ಸಿಕ್ಕಿಸಿ ಹೋಗುತ್ತಿದ್ದವಳು ನಾನು. ಈಗ ನೀನು ಟೊಲೆಡೊದಲ್ಲಿ ಕೂತು ಉತ್ತರಕ್ಕೆ ಕಾಯುತ್ತಿರುವಾಗ ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಒಲೆಗೆ ಹಾಕಿದೆ. ಸೇಬಿನ ಕಾಲ, ಜಾಡಿ ತುಂಬುವ ಕೆಲಸ, ನಮ್ಮ ಯಜಮಾನ ಆಲ್ವಾನ ಸೊಂಟನೋವು ಎಂದು ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ನಿನಗೆ ನೆಪ ಹೇಳಿ ನನಗೆ ರೂಢಿಯಿಲ್ಲ. ಹೆದರಿಕೆ ಕಣೇ, ಅಷ್ಟೇ. ತಡವಾದದ್ದಕ್ಕೆ ಮನ್ನಿಸು.

ಫಿಂಟನ್ ಹೋದ ಸುದ್ದಿ ಓದಿ ಅಡುಗೆಮನೆಯಲ್ಲೇ ಕುಸಿದು ಕೂತೆ. ನಿನ್ನ ಅಣ್ಣನನ್ನು ನಾನು ನೋಡಿದ್ದು ಒಂದೇ ಒಂದು ದಿನ, ಅದೂ ಎಂಥ ದಿನ. ಮುರಿದ ಸೊಂಟದ ಮೂಳೆ ಕೂಡಿಕೊಳ್ಳಲೇ ಇಲ್ಲ, ಬೇಸಿಗೆಯಿಡೀ ಮಲಗಿದ್ದಲ್ಲೇ ಇದ್ದ, ಕೊನೆಗೆ ಎದೆಯಲ್ಲಿ ಕಫ ಕಟ್ಟಿತು ಎಂದು ಬರೆದಿದ್ದೀ. ಮಲಗಿದ್ದಲ್ಲಿಂದಲೇ ಸಾರಿಗೆ ಉಪ್ಪು ಸಾಲದು ಎಂದು ಜಗಳವಾಡುತ್ತಿದ್ದ ಎಂದೂ ಬರೆದಿದ್ದೀ. ಮೂವತ್ತು ವರ್ಷ ದೊಡ್ಡ ಸರೋವರಗಳ ಹಡಗಿನಲ್ಲಿ ಅಡುಗೆ ಮಾಡಿದವನು ಇನ್ನೇನು ಮಾಡಿಯಾನು. ದೇವರು ಅವನ ಆತ್ಮವನ್ನು ಹತ್ತಿರ ಇಟ್ಟುಕೊಳ್ಳಲಿ. ನಿಮ್ಮ ಪ್ರಾರ್ಥನೆ ನನಗೆ ಬಾರದು, ನಮ್ಮದನ್ನೇ ಹೇಳಿದೆ.

ಈ ಕಾಗದವನ್ನು ನಾನು ನಮ್ಮೂರ ಅಂಚೆಗೆ ಹಾಕುವುದಿಲ್ಲ. ನಿನ್ನ ಲಕೋಟೆ ಕೈಗೆ ಬಂದಾಗ ಅದರ ಅಂಟು ಸುಕ್ಕುಗಟ್ಟಿತ್ತು. ಯಾರೋ ಆವಿ ಹಿಡಿದು ಬಿಡಿಸಿ ಮತ್ತೆ ಮೆತ್ತಿದ ಹಾಗೆ. ನನ್ನ ಭ್ರಮೆಯೂ ಇರಬಹುದು. ಈಗೀಗ ಯಾವುದು ಭ್ರಮೆ, ಯಾವುದು ನಿಜ ಎಂದು ಬೇರೆ ಮಾಡುವುದು ಕಷ್ಟವಾಗಿದೆ. ಗುರುವಾರ ಮೊಟ್ಟೆ ಲಾರಿ ವೇಲ್ಯಾಂಡಿಗೆ ಹೋಗುತ್ತದೆ, ಅದರಲ್ಲಿ ಹೋಗಿ ಅಲ್ಲಿ ಹಾಕುತ್ತೇನೆ. ನೀನೂ ಇನ್ನು ಮೇಲೆ ಲಕೋಟೆಯ ಮೇಲೆ ನಿನ್ನ ಹೆಸರು ಬರೆಯಬೇಡ.

ಊರಿನ ಸುದ್ದಿ ಕೇಳಿದ್ದೀ. ಊರು ಬೆಳೆಯುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ಮುಖ್ಯರಸ್ತೆಗೆ ಸಿಮೆಂಟು ಹಾಕಿದ್ದಾರೆ. ಸಿನಿಮಾ ಮಂದಿರಕ್ಕೆ ಬಣ್ಣದ ದೀಪ ಬಂದಿದೆ. ಹೈರಮ್ ಪೀಕ್ ರೇಡಿಯೊ ತಂದಿದ್ದಾನೆ, ಅದಕ್ಕೆ ಹೂವಿನಾಕಾರದ ಕೊಂಬು. ಬೀದಿಯವರೆಲ್ಲ ಅವನ ಹಜಾರದಲ್ಲಿ ಕೂತು ಪಿಟ್ಸ್‌ಬರ್ಗಿನಲ್ಲಿ ಯಾರೋ ಪಿಟೀಲು ಬಾರಿಸುವುದನ್ನು ಕೇಳುತ್ತಾರೆ. ಪಿಟೀಲಿಗಿಂತ ಹೈರಮ್‌ನ ಗೊರಗೊರ ಕೆಮ್ಮೇ ಜಾಸ್ತಿ ಕೇಳುತ್ತದೆ ಎನ್ನುವುದು ಬೇರೆ ಮಾತು. ಆಲ್ವಾನ ಅಂಗಡಿಯಲ್ಲಿ ಕುದುರೆ ಜೀನು ಕೇಳುವವರೇ ಇಲ್ಲ. ಗೋಡೆಯ ಅರ್ಧ ಭಾಗಕ್ಕೆ ಮೋಟಾರು ಟೈರು ನೇತುಹಾಕಿದ್ದಾನೆ. ಅವುಗಳ ಎದುರು ಕೂತು ಯಾರಿಗೂ ಬೇಡದ ಲಗಾಮನ್ನು ಎಣ್ಣೆ ಹಚ್ಚಿ ತಿಕ್ಕುತ್ತಿರುತ್ತಾನೆ. ಇಪ್ಪತ್ತು ವರ್ಷದ ಕೈಕೆಲಸ ಎರಡೇ ವರ್ಷದಲ್ಲಿ ಯಾಕೆ ಬೇಡವಾಯಿತು ಎಂದು ಅವನಿಗೆ ಯಾರೂ ಹೇಳಲಿಲ್ಲ. ಮುಸುಕು ಹಾಕಿ ತಿರುಗುವ ಆ ಬಿಳಿ ನಿಲುವಂಗಿಯ ಸಂಘದವರು ಮಾತ್ರ ಬಂದು ಹೇಳಿದರು: ಪೋಪ್ ಹೇಳಿದಂತೆ ಕುಣಿಯುವ ರೋಮಿನವರು, ಅಂದರೆ ನಿಮ್ಮ ಕ್ಯಾಥೊಲಿಕರು, ನಗರದವರು, ಹಡಗಿನಲ್ಲಿ ಬಂದಿಳಿದವರು ಸೇರಿ ಹೀಗೆ ಮಾಡಿದರು ಎಂದು. ಅವನು ನಂಬಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿದರೆ ಎದ್ದು ಹೊರಗೆ ಹೋಗುತ್ತಾನೆ.

ಟೆಲಿಫೋನ್ ಎಕ್ಸ್‌ಚೇಂಜಿನ ವರ್ನಾ ಕೂದಲು ಕತ್ತರಿಸಿದ್ದು ನೀನು ಹೋಗುವ ಮೊದಲೇ. ಈಗ ಇನ್ನೂ ಗಿಡ್ಡ ಮಾಡಿದ್ದಾಳೆ, ಕಿವಿ ಕಾಣುತ್ತದೆ. ಪಾದ್ರಿಗಳು ಒಂದು ಭಾನುವಾರವಿಡೀ ಅವಳ ತಲೆಯ ಮೇಲೇ ಉಪದೇಶ ಮಾಡಿದರು. ಅವಳು ಮುಂದಿನ ಸಾಲಿನಲ್ಲೇ ಕೂತು ಕೇಳಿದಳು. ಹೊರಗೆ ಬಂದು ನನಗೆ, ಎಂಟು ಗಂಟೆ ಕಿವಿಗೆ ಯಂತ್ರ ಕಟ್ಟಿಕೊಂಡು ಕೂರೋರಿಗೆ ಜಡೆ ಯಾಕೆ ಬೇಕು, ಪಾದ್ರಿಗಳನ್ನೇ ಒಂದು ದಿನ ಕೂರಿಸಿ ನೋಡಿ ಎಂದಳು.

ಸರಿ. ನೀನು ಕೇಳಿದ ಎರಡು ಪ್ರಶ್ನೆಗೆ ಬರುತ್ತೇನೆ. ಸುತ್ತಿ ಬಳಸಿ ಬರೆಯುತ್ತಿದ್ದೇನೆ ಎಂದು ನಿನಗೆ ಈಗಾಗಲೇ ಗೊತ್ತಾಗಿರುತ್ತದೆ.

ಮೊದಲನೆಯದು, ಮಾರ್ಟಿನ್‌ನ ಸಮಾಧಿಗೆ ಮೇಣದಬತ್ತಿ ಹಚ್ಚಲು ಬರಬಹುದೇ ಎಂದು. ಸತ್ತವರ ದಿನ ಈ ಸಲ ಭಾನುವಾರ ಬಂದದ್ದರಿಂದ ಸೋಮವಾರ, ಮೂರನೇ ತಾರೀಕಿಗೆ ಮಾಡುತ್ತಾರೆ ಎಂದು ಬರೆದಿದ್ದೀ. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಗಂಡನಿಗೆ ಬತ್ತಿ ಹಚ್ಚುವುದನ್ನು ತಪ್ಪಿಸಿದವಳಲ್ಲ ನೀನು. ಆದರೂ ಹೇಳುತ್ತೇನೆ, ಬರಬೇಡ. ಆ ಸೋಮವಾರದ ಮರುದಿನವೇ ಮತದಾನ. ಮತದಾನದ ಹಿಂದಿನ ದಿನ ಮೂರು ತಾಲೂಕಿನ ನಿಲುವಂಗಿಯವರೆಲ್ಲ ನಮ್ಮೂರಿನಲ್ಲಿ ಸೇರಿ ಮೆರವಣಿಗೆ ಮಾಡುತ್ತಾರಂತೆ. ಸ್ಟೇಷನ್ನಿನಿಂದಲೇ ಹೊರಡುತ್ತದೆ. ನಿನ್ನ ರೈಲು ಬರುವುದು ಎರಡೂ ನಲವತ್ತಕ್ಕೆ, ಅವರ ಬ್ಯಾಂಡು ಶುರುವಾಗುವುದು ಎರಡೂವರೆಗೆ.

ಅವರು ಯಾರು ಎಂದು ಗೊತ್ತಿಲ್ಲದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ಮುಸುಕಿನೊಳಗಿಂದ ಕೆಮ್ಮು ಕೇಳಿದರೆ ಅದು ಹೈರಮ್ ಎಂದು ಗೊತ್ತಾಗುತ್ತದೆ. ಜುಲೈ ತಿಂಗಳಲ್ಲಿ ನದಿಯ ಪಕ್ಕದ ಬಯಲಿನಲ್ಲಿ ಅವರ ವನಭೋಜನವಾಯಿತು. ನಮ್ಮ ಚರ್ಚಿನ ಹೆಂಗಸರೇ ಕಡುಬು ಬೇಯಿಸಿ ಒಯ್ದರು. ಗ್ರೂಬಮ್ಮ ತನ್ನ ಮೊಮ್ಮಗಳಿಗೂ ಪುಟ್ಟ ನಿಲುವಂಗಿ ತೊಡಿಸಿದ್ದಳು. ಆ ಮಗು ಅದನ್ನು ತುಳಿದು ಬಿದ್ದು ಅತ್ತಿತು, ಎಲ್ಲರೂ ಓಡಿ ಬಂದು ಮುದ್ದು ಮಾಡಿದರು. ನಾನೂ ಮಾಡಿದೆ. ಮನೆಗೆ ಬಂದು ಕೈ ತೊಳೆದುಕೊಂಡೆ.

ಮಾರ್ಟಿನ್ ಚೆನ್ನಾಗಿದ್ದಾನೆ. ಸಮಾಧಿಯ ಬಗ್ಗೆ ಹೀಗೆ ಬರೆಯಬಾರದು, ಆದರೂ ನಿನಗೆ ಅರ್ಥವಾಗುತ್ತದೆ. ನಿಮ್ಮ ಚರ್ಚಿನ ಕಿಟಕಿ ಗಾಜು ಹೋಗಿವೆ. ವೇಲ್ಯಾಂಡಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಪಾದ್ರಿ ಬರುವುದನ್ನು ಬಿಟ್ಟಿದ್ದಾರೆ. ಅಕ್ರೂಟು ಆರಿಸುವ ನೆಪದಲ್ಲಿ ಬುಟ್ಟಿ ಹಿಡಿದು ಹಿಂದಿನ ಹೊಲದಿಂದ ಹೋಗಿ ಬರುತ್ತೇನೆ. ಸೆಪ್ಟೆಂಬರಿನಲ್ಲಿ ಕಲ್ಲಿನ ಮೇಲೆ ಯಾರೋ ಡಾಂಬರು ಬಳಿದಿದ್ದರು. ಸೀಮೆಎಣ್ಣೆ ಹಾಕಿ ತಿಕ್ಕಿದೆ, ಹೆಸರು ಓದಬಹುದು, ಇಸವಿ ಮಸುಕಾಗಿದೆ. ತಿಕ್ಕುತ್ತಿರುವಾಗ ದಾರಿಯಲ್ಲಿ ಮೋಟಾರು ಸದ್ದಾಯಿತು. ನಾನು ಕಲ್ಲಿನ ಹಿಂದೆ ಹೊಟ್ಟೆಯ ಮೇಲೆ ಮಲಗಿಬಿಟ್ಟೆ. ಐವತ್ತೆರಡು ವರ್ಷದ ಹೆಂಗಸು, ನೂರಾ ಎಂಬತ್ತು ಪೌಂಡು ತೂಕದವಳು, ನಿನ್ನ ಗಂಡನ ಸಮಾಧಿಯ ಹಿಂದೆ ಅಡಗಿ ಮಲಗಿದ್ದೆ. ನೀನಿದ್ದಿದ್ದರೆ ನಗುತ್ತಿದ್ದೆ.

ಮೇ ತಿಂಗಳ ಆ ದಿನ ನಾನು ಸ್ಟೇಷನ್ನಿನಲ್ಲಿದ್ದೆ ಎಂದು ನಿನಗೆ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ. ಹೇಳಿರಲಾರೆ. ನೀನು ಮನೆಯಲ್ಲಿ ಕೋಳಿ ಹುರಿಯುತ್ತಿದ್ದೆ, ಅಣ್ಣ ದಾರಿ ಕೇಳಿಕೊಂಡು ಬರುತ್ತಾನೆ, ಐದು ನಿಮಿಷದ ನಡಿಗೆ ತಾನೆ ಎಂದಿದ್ದೆ. ನಾನು ಮೊಟ್ಟೆಯ ಪೆಟ್ಟಿಗೆ ರೈಲಿಗೆ ಹಾಕಿಸಲು ಹೋಗಿದ್ದೆ. ಪ್ಲಾಟ್‌ಫಾರ್ಮಿನ ತುಂಬ ಜನ. ನಲವತ್ತು ಬಿಳಿ ನಿಲುವಂಗಿ ಇದ್ದವು, ಸುತ್ತ ಊರ ಹೆಂಗಸರು, ಮಕ್ಕಳು. ಯಾರೋ ದೊಡ್ಡ ಮನುಷ್ಯರು ಭಾಷಣಕ್ಕೆ ಬರುತ್ತಿದ್ದಾರೆ ಎಂದುಕೊಂಡು ನೀರಿನ ಪೀಪಾಯಿ ಪಕ್ಕದಲ್ಲಿ ನಿಂತೆ.

ಫಿಂಟನ್ ಇಳಿದ. ಎತ್ತರದ ಆಳು, ಬಿಳಿ ಗಡ್ಡ, ಕಪ್ಪು ನೀಳ ಕೋಟು. ಅವನಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲವಲ್ಲ, ಬೆಳ್ಳಗಿನ ಬಟ್ಟೆ ಕಂಡು ಸನ್ಯಾಸಿನಿಯರು ಎಂದುಕೊಂಡ ಡೆಲಿಯಾ. ಟೋಪಿ ತೆಗೆದು ಬಗ್ಗಿ ನಮಸ್ಕಾರ ಮಾಡಿದ. "ಇಷ್ಟೊಂದು ಜನ ಅಕ್ಕಂದಿರು ನನ್ನನ್ನ ಕರಕೊಂಡು ಹೋಗಕ್ಕೆ ಬಂದ್ರಾ? ಡೆಲಿಯಾ ಏನು ಹೇಳಿಬಿಟ್ಟಿದಾಳೆ ನಿಮಗೆಲ್ಲ?" ಎಂದು ನಕ್ಕ. ಆಮೇಲೆ ಒಂದು ಮುಸುಕು ಮುಂದೆ ಬಂದು, "ಉಂಗುರ ತೋರಿಸು" ಎಂದಿತು.

ಹಡಗಿನ ಗೆಳೆಯರು ಕೊಟ್ಟ ಆ ದೊಡ್ಡ ಉಂಗುರವನ್ನು ಅವನು ಸಂತೋಷದಿಂದಲೇ ತೋರಿಸಿದ. ಅಲ್ಲಿಂದ ಗಲಾಟೆ. ಪೆಟ್ಟಿಗೆ ಒಡೆದರು. ಬಟ್ಟೆಯಲ್ಲಿ ಸುತ್ತಿಟ್ಟ ಅಡುಗೆಯ ಚೂರಿಗಳು ಸಿಕ್ಕಿದವು, ಆಯುಧ ಆಯುಧ ಎಂದು ಕೂಗಿದರು. ಸೌಟು, ಬಾಣಲೆ ಹಳಿಯ ಮೇಲೆ ಬಿದ್ದವು. ಮೊಣಕಾಲೂರಿ ಬಾವುಟಕ್ಕೆ ಮುತ್ತಿಡು ಎಂದರು. ಅವನು, ಇಡ್ತೀನಿ, ಅದಕ್ಕೇನಂತೆ, ನನ್ನ ಬಾವುಟವೂ ಅದೇ ತಾನೆ, ಸ್ವಲ್ಪ ಕೈ ಹಿಡಿದು ಕೂರಿಸಿ, ಮಂಡಿ ನೋವು ಎಂದ. ಯಾರೋ ಹಿಂದಿನಿಂದ ಕೈ ಹಿಡಿಯುವ ಬದಲು ತಳ್ಳಿದರು. ಕಲ್ಲಿನಂಚಿಗೆ ಬಿದ್ದ ಸದ್ದು ನನಗೆ ಕೇಳಿಸಿತು. ನಾನು ಪೀಪಾಯಿ ಹಿಡಿದುಕೊಂಡು ನಿಂತೇ ಇದ್ದೆ. ಹಿಡಿದ ಕೈಗೆ ಅದರ ತುಕ್ಕು ಅಂಟಿತ್ತು. ಆಲ್ವಾ ಕೂಡ ಅಲ್ಲಿದ್ದ, ಆಗ ಇನ್ನೂ ತನ್ನ ಬಟ್ಟೆಯಲ್ಲೇ ಇದ್ದ, ಹಿಂದೆ ನಿಂತಿದ್ದ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವತ್ತಿನಿಂದ ನಾವು ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡು ಉಣ್ಣುತ್ತೇವೆ.

ಇನ್ನೊಂದು ಹೇಳಬೇಕು. ಇದನ್ನು ಬರೆಯಲಾಗದೆಯೇ ಮೂರು ಕಾಗದ ಹರಿದದ್ದು ಎಂದು ತಿಳಿದುಕೋ. ನೀನು ಮರುದಿನ ಬೆಳಿಗ್ಗೆ ಅಣ್ಣನನ್ನು ಹಾಸಿಗೆ ಸಮೇತ ರೈಲು ಹತ್ತಿಸಿಕೊಂಡು ಹೋಗುವಾಗ ನಿನ್ನ ಹೊಲಿಗೆ ಯಂತ್ರವನ್ನು ನನ್ನ ಮನೆಯಲ್ಲಿ ಬಿಟ್ಟೆಯಲ್ಲ. ಅದಕ್ಕೆ ನನ್ನ ಹಳೆಯ ಶಾಲು ಹೊದಿಸಿ ಮೂಲೆಯಲ್ಲಿಟ್ಟಿದ್ದೆ. ಆಗಸ್ಟಿನಲ್ಲಿ ಗ್ರೂಬಮ್ಮ ಇಬ್ಬರು ಹೆಂಗಸರ ಜೊತೆ ಬಂದಳು. ಬಿಳಿ ಬಟ್ಟೆಯ ಗಂಟು ಮೇಜಿನ ಮೇಲಿಟ್ಟು, ನಿನ್ನ ಹತ್ರ ಒಳ್ಳೇ ಯಂತ್ರ ಇದೆಯಂತಲ್ಲ ಎಂದಳು. ನಾನು, ಅದು ನನ್ನದಲ್ಲ ಎಂದೆ. "ಗೊತ್ತು ಯಾರದ್ದು ಅಂತ. ಅದಕ್ಕೇ ನಿನ್ನ ಹತ್ರ ಬಂದಿದ್ದು ಹಲ್ಡಾ. ನೀನು ಯಾವ ಕಡೆ ಅಂತ ಊರು ನೋಡ್ಬೇಕಲ್ಲ" ಎಂದಳು. ಮೆಲ್ಲಗೆ, ಸಕ್ಕರೆ ಸಾಲ ಕೇಳುವ ದನಿಯಲ್ಲಿ ಹೇಳಿದಳು.

ಏಳು ಹೊಲಿದೆ. ಏಳನೆಯದು ಆಲ್ವಾನ ಅಳತೆಯದು. ಅಂಚು ಮಡಚುವುದಕ್ಕೆ ನೀನು ನನಗೆ ಕಲಿಸಿದ ಹೊಲಿಗೆಯನ್ನೇ ಹಾಕಿದೆ, ಬೇರೆ ನನಗೆ ಬರುವುದಿಲ್ಲ. ನಿನ್ನ ಕಾಲು ತುಳಿದು ತುಳಿದು ಸವೆದ ಪೆಡಲಿನ ಮೇಲೆ ಕಾಲಿಟ್ಟು ಅದನ್ನೆಲ್ಲ ಮಾಡಿದೆ. ಮೂರನೇ ನಿಲುವಂಗಿಯಲ್ಲಿ ಸೂಜಿ ಮುರಿಯಿತು. ನನ್ನ ಪೆಟ್ಟಿಗೆಯಲ್ಲಿ ಇನ್ನೊಂದು ಸೂಜಿ ಇದ್ದದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು. ಯಂತ್ರವನ್ನು ನಿನಗೆ ಕಳಿಸಲು ನಾಚಿಕೆಯಾಗುತ್ತದೆ. ಇಟ್ಟುಕೊಳ್ಳಲೂ ನಾಚಿಕೆಯಾಗುತ್ತದೆ. ನೀನು ಬೈಯಬೇಕೆಂದಿದ್ದರೆ ಬೈ, ನಾನು ಕಾಗದ ಪೂರ್ತಿ ಓದುತ್ತೇನೆ.

ಎರಡನೇ ಪ್ರಶ್ನೆ. ಫಿಂಟನ್ ಬರುವ ರೈಲು, ಉಂಗುರ, ಇದೆಲ್ಲ ಅವರಿಗೆ ಯಾರು ಹೇಳಿದರು ಎಂದು ಕೇಳಿದ್ದೀ. ವರ್ನಾಳೇ ಇರಬೇಕು, ಎಲ್ಲರ ಮಾತು ಅವಳ ಕಿವಿಯ ಮೇಲೇ ಹಾದುಹೋಗುತ್ತದೆ, ತುಟಿಗೆ ಬಣ್ಣ ಹಚ್ಚಿಕೊಂಡು ನೃತ್ಯಕ್ಕೆ ಹೋಗುವ ಹುಡುಗಿಗೆ ಬಾಯಿ ಎಲ್ಲಿ ನಿಲ್ಲುತ್ತದೆ ಎಂದು ಬರೆದಿದ್ದೀ. ನಾನು ಹೌದು ಎಂದರೆ ಟೆಲಿಫೋನ್ ಕಂಪನಿಗೆ ದೂರು ಬರೆದು ಅವಳ ಕೆಲಸ ತೆಗೆಸುತ್ತೇನೆ ಎಂದಿದ್ದೀ. ವರ್ನಾಳ ವಿಷಯ ಬಿಡು ಡೆಲಿಯಾ. ನನಗೆ ಸರಿಯಾಗಿ ಗೊತ್ತಿಲ್ಲ. ಹನ್ನೆರಡು ಮನೆಗೆ ಒಂದೇ ತಂತಿ ಇರುವ ಊರಿನಲ್ಲಿ ಯಾವ ಮಾತು ಎಲ್ಲಿಂದ ಹೊರಟಿತು ಎಂದು ಯಾರು ಹೇಳಬಲ್ಲರು. ಒಬ್ಬರಿಗೆ ಗಂಟೆ ಹೊಡೆದರೆ ಹನ್ನೆರಡು ಮನೆಯಲ್ಲೂ ರಿಸೀವರ್ ಏಳುತ್ತದೆ. ನಿನಗೇ ಗೊತ್ತಲ್ಲ, ಕ್ಯಾನರಿ ಹಕ್ಕಿ ಕೂಗಿದರೆ ಗ್ರೂಬಮ್ಮ, ಕೆಮ್ಮಿದರೆ ಹೈರಮ್, ಗೋಡೆ ಗಡಿಯಾರ ಟಕಟಕ ಎಂದರೆ ಲಾಟಿ ಟಕ್ಸ್‌ಬರಿ. ನಮ್ಮ ಕೋಳಿ ಚೌಕ ಮೊಟ್ಟೆ ಇಡಲು ಶುರುಮಾಡಿದೆ ಎಂದು ನಾನು ಬೇಕೆಂದೇ ತಂತಿಯಲ್ಲಿ ಹೇಳಿದ್ದು, ಅರ್ಧ ಗಂಟೆಯಲ್ಲಿ ಗ್ರೂಬಮ್ಮ ಹಿಟ್ಟು ಕೇಳುವ ನೆಪದಲ್ಲಿ ಕೋಳಿಗೂಡಿಗೆ ಇಣುಕಿದ್ದು ನೆನಪಿದೆಯೇ? ನೀನು ನಕ್ಕು ನಕ್ಕು ಹಾಲಿನ ಪಾತ್ರೆ ಚೆಲ್ಲಿದ್ದೆ. ಈಗ ನಾನು ತಂತಿಯಲ್ಲಿ ತಮಾಷೆ ಮಾಡುವುದನ್ನು ಬಿಟ್ಟಿದ್ದೇನೆ.

ಮೈ ಬೆಚ್ಚಗಿಟ್ಟುಕೋ. ಟೊಲೆಡೊದ ಗಾಳಿ ಕೆಟ್ಟದ್ದಂತೆ, ಎದೆಗೆ ಉಣ್ಣೆ ಸುತ್ತಿಕೋ. ನಿನ್ನ ಅಕ್ಕನ ಮಗಳಿಗೆ ನನ್ನ ಹಾರೈಕೆ ತಿಳಿಸು, ಅವಳ ಹೆರಿಗೆ ಸುಸೂತ್ರವಾಗಲಿ. ಮೂರನೇ ತಾರೀಕು ಮಾರ್ಟಿನ್‌ಗೆ ನಿನ್ನ ಹೆಸರಿನಲ್ಲಿ ಒಂದು ಬತ್ತಿ ನಾನೇ ಹಚ್ಚುತ್ತೇನೆ, ಬೆಳಕು ಹರಿಯುವಾಗಲೇ ಹೋಗಿ ಬರುತ್ತೇನೆ. ಪಕ್ಕದಲ್ಲಿ ಫಿಂಟನ್‌ಗೂ ಒಂದು. ನಮ್ಮಿಬ್ಬರ ದೇವರೂ ಒಬ್ಬನೇ ಆಗಿದ್ದರೆ ಅವನು ನಿನ್ನನ್ನು ಕಾಯಲಿ.

ಎಂದೆಂದಿಗೂ ನಿನ್ನ,
ಹಲ್ಡಾ

ಮರೆತ ಮಾತು:
ಮರೆತದ್ದಲ್ಲ. ಇವತ್ತು ಗುರುವಾರ. ಕಾಗದ ಎರಡು ದಿನ ಹಿಟ್ಟಿನ ಡಬ್ಬಿಯ ಕೆಳಗಿತ್ತು. ಲಾರಿ ಬರಲು ಇನ್ನೂ ಒಂದು ಗಂಟೆ ಇದೆ.

ನಿನ್ನೆ ಮಧ್ಯಾಹ್ನ ವರ್ನಾ ಫೋನ್ ಮಾಡಿ, ಲಾರಿ ನಾಳೆ ಹತ್ತಕ್ಕೇ ಹೊರಡುತ್ತದಂತೆ ಎಂದು ತಿಳಿಸಿದಳು. ಇಡುವ ಮೊದಲು, ಹಲ್ಡಾ ಅತ್ತೆ, ನೀವ್ಯಾಕೆ ಈಗ ಲೈನಲ್ಲಿ ತಮಾಷೆನೇ ಮಾಡಲ್ಲ, ದಿನ ಹೋಗೋದೇ ಇಲ್ಲ ನನಗೆ ಎಂದಳು. ಬೇರೆ ಯಾರೂ ರಿಸೀವರ್ ಎತ್ತಿರಲಿಲ್ಲ, ನಾನು ಕಿವಿಗೊಟ್ಟು ನೋಡಿದೆ. "ಯಾಕೆ ಅಂತ ನಿನಗೆ ಗೊತ್ತಲ್ವಾ ವರ್ನಾ?" ಎಂದೆ. "ಕೇಳಿಸ್ಕೊಂಡಿದ್ದನ್ನ ಹೇಳೋದು ನನ್ನ ಕೆಲಸ ಅಲ್ಲ ಅತ್ತೆ. ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ" ಎಂದಳು.

ಡೆಲಿಯಾ, ಅದು ನಾನು.

ಫಿಂಟನ್ ಬರುವ ಹಿಂದಿನ ದಿನ ಬೆಳಿಗ್ಗೆ ನೀನು ಬಾತುಕೋಳಿ ಗರಿಯ ಹಾಸಿಗೆಯನ್ನು ಅಂಗಳದಲ್ಲಿ ಬಿಸಿಲಿಗೆ ಹಾಕಿ ಬಡಿಯುತ್ತಿದ್ದೆ. ನಾನು ಕಿಟಕಿಯಿಂದ ನಿನ್ನನ್ನು ನೋಡುತ್ತಾ ಲಾಟಿಗೆ ಫೋನ್ ಮಾಡಿ ಹುದುಗು ಇದೆಯಾ ಎಂದು ಕೇಳುತ್ತಿದ್ದೆ. ಕ್ಯಾನರಿ ಕೂಗಿತು. ಹೈರಮ್ ಕೆಮ್ಮು ನುಂಗಿಕೊಂಡ. ನನ್ನ ನಾಲಿಗೆ ತುರಿಸಿತು. ಹೇಳಿದೆ: "ಲಾಟಿ, ಯಾರಿಗೂ ಹೇಳ್ಬೇಡ. ನಾಳೆ ಎರಡೂ ನಲವತ್ತರ ಗಾಡಿಗೆ ಡೆಲಿಯಾ ಮನೆಗೆ ಸಾಕ್ಷಾತ್ ಪೋಪ್ ಬರ್ತಿದಾನೆ. ಗರಿ ಹಾಸಿಗೆ ಬಿಸಿಲಿಗೆ ಹಾಕಿದಾಳೆ ನೋಡು. ಕೈಯಲ್ಲಿ ಇಷ್ಟು ದೊಡ್ಡ ಉಂಗುರವಂತೆ." ಲಾಟಿ ನಕ್ಕಳು. ನಾನೂ ನಕ್ಕೆ. ಸಂಜೆ ನಿನಗೆ ಹೇಳಿ ನಗಿಸಬೇಕು ಎಂದುಕೊಂಡೆ, ಕೆಲಸದಲ್ಲಿ ಮರೆತೆ. ಹಾಸಿಗೆ ನೋಡಿದ್ದು ನಾನು. ಉಂಗುರದ ವಿಷಯ ನೀನು ಹೇಳಿದ್ದು ನನಗೊಬ್ಬಳಿಗೇ.

ಸ್ಟೇಷನ್ನಿನಲ್ಲಿ ಆ ಮುಸುಕು "ಉಂಗುರ ತೋರಿಸು" ಎಂದಾಗ ನನಗೆ ಅರ್ಥವಾಯಿತು. ಅವನು ಬೀಳುವುದಕ್ಕೆ ಇನ್ನೂ ಐದಾರು ನಿಮಿಷ ಇತ್ತು. ಅದು ನನ್ನ ತಮಾಷೆ, ಅವನು ಡೆಲಿಯಾಳ ಅಣ್ಣ, ಅಡುಗೆಯವನು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೆ ದನಿ ಇರಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ದನಿ ಇತ್ತು. ಆಮೇಲೆ ನೀನು ಓಡಿ ಬಂದಾಗ ನಿನ್ನ ಹೆಸರು ಹಿಡಿದು ಕೂಗಿದ್ದು ನಾನೇ ತಾನೆ.

ಯಂತ್ರದ ವಿಷಯ ಮೇಲೆ ಬರೆದು ಕಣ್ಣೀರಿಟ್ಟೆ. ಅದನ್ನು ಹೇಳಿದರೆ ಇದನ್ನು ಹೇಳುವುದು ತಪ್ಪುತ್ತದೆ ಎಂದು ಬರೆದೆ. ಬರಬೇಡ ಎಂದದ್ದರಲ್ಲೂ ಅರ್ಧ ನಿನಗೇನಾಗುತ್ತದೋ ಎಂಬ ಭಯ, ಇನ್ನರ್ಧ ನಿನ್ನ ಮುಖ ನೋಡುವ ಭಯ. ನೀನು ಆ ಹುಡುಗಿಯ ಕೆಲಸ ತೆಗೆಸಿದ್ದರೆ ನಾನು ಅದನ್ನೂ ನೋಡಿಕೊಂಡು ಸುಮ್ಮನಿರುತ್ತಿದ್ದೆನೇನೋ. ಹೀಗೆ ಬರೆಯುವಾಗ ನನ್ನ ಬಗ್ಗೆ ನನಗೇ ಭಯವಾಗುತ್ತದೆ.

ವರ್ನಾ ಇಟ್ಟ ಮೇಲೆ ನಾನು ಫೋನಿನ ಹಿಡಿ ಹಿಡಿದು ಬಿಡದೆ ತಿರುಗಿಸಿದೆ. ಎಲ್ಲ ಮನೆಗೂ ಹೊಡೆಯುವ ಗಂಟೆ. ಬೆಂಕಿ ಬಿದ್ದರೆ, ಸಾವಾದರೆ ಮಾತ್ರ ಹೊಡೆಯುವುದು. ಒಂದೊಂದೇ ರಿಸೀವರ್ ಎದ್ದವು. ಗಡಿಯಾರ ಕೇಳಿತು, ಕೆಮ್ಮು ಕೇಳಿತು, ಕ್ಯಾನರಿ ಕೇಳಿತು. ಎಲ್ಲಿ ಬೆಂಕಿ ಎಂದು ಯಾರೋ ಕೇಳಿದರು. ಗೋಡೆಗೆ ಒರಗಿಕೊಂಡೇ ಹೇಳಿದೆ. "ನಾನು ಹಲ್ಡಾ ಸ್ಟ್ರೌಡ್. ಮೇ ತಿಂಗಳಲ್ಲಿ ಪೋಪ್ ಬರ್ತಾನೆ ಅಂತ ಈ ತಂತಿಯಲ್ಲಿ ಹೇಳಿದ್ದು ನಾನು. ಅದು ತಮಾಷೆಗೆ ಹೇಳಿದ್ದು. ಆ ಮನುಷ್ಯ ಸತ್ತುಹೋದ. ಎಲ್ಲರಿಗೂ ಗೊತ್ತಿರಲಿ ಅಂತ ಹೇಳ್ತಿದೀನಿ."

ಅವರು ಬೆಚ್ಚಿಬೀಳುತ್ತಾರೆ, ಅಯ್ಯೋ ನಾವು ನಂಬಿಬಿಟ್ಟೆವಲ್ಲ ಎನ್ನುತ್ತಾರೆ ಎಂದು ನಾನು ಎಣಿಸಿದ್ದೆ. ಕೊನೆಗೆ ಗ್ರೂಬಮ್ಮನ ದನಿ ಬಂತು, ಅದೇ ಸಕ್ಕರೆ ಕೇಳುವ ದನಿ. "ಅದು ತಮಾಷೆ ಅಂತ ನಮಗೆಲ್ಲ ಅವತ್ತೇ ಗೊತ್ತಿತ್ತು ಹಲ್ಡಾ. ನಾವೇನು ಪೆದ್ದರಾ?" ಎಂದಳು.

ಆಮೇಲೆ ಒಂದೊಂದಾಗಿ ಇಟ್ಟರು. ಕ್ಯಾನರಿ ಹೋಯಿತು, ಕೆಮ್ಮು ಹೋಯಿತು. ಗಡಿಯಾರ ತುಂಬ ಹೊತ್ತು ಟಕಟಕ ಎನ್ನುತ್ತಿತ್ತು, ಲಾಟಿ ಏನೋ ಹೇಳಲಿದ್ದಾಳೆ ಎಂದು ಕಾದೆ. ಅದೂ ಹೋಯಿತು. ವರ್ನಾ ಒಬ್ಬಳೇ ಉಳಿದಳು. "ಎಲ್ಲರೂ ಇಟ್ರು ಅತ್ತೆ. ಬಾಗಿಲು ಹಾಕ್ಕೊಳ್ಳಿ" ಎಂದಳು.

ನಿನ್ನೆಯಿಂದ ನಮ್ಮ ಮನೆಗೆ ಗಂಟೆ ಹೊಡೆದಿಲ್ಲ. ಬೆಳಿಗ್ಗೆ ಹಾಲಿನವನು ನಿಲ್ಲಿಸದೆ ಹೋದ. ಆಲ್ವಾ ಅಂಗಡಿ ತೆರೆಯಲಿಲ್ಲ, ಮುಂಬಾಗಿಲಿಗೆ ಅಗುಳಿ ಹಾಕಿ ಅದರ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಮಡಿಲಲ್ಲಿ ನಾನು ಹೊಲಿದ ಏಳನೇ ನಿಲುವಂಗಿ ಇದೆ, ಅಂಚಿನ ಹೊಲಿಗೆಯನ್ನು ಜೀನು ಕೊಯ್ಯುವ ಚಾಕುವಿನಿಂದ ಒಂದೊಂದಾಗಿ ಬಿಚ್ಚುತ್ತಿದ್ದಾನೆ. ಯಾಕೆ ಎಂದು ನಾನು ಕೇಳಿಲ್ಲ.

ಅವರಿಗೆ ಗೊತ್ತಿತ್ತು ಎಂದ ಮಾತ್ರಕ್ಕೆ ನನ್ನ ತಪ್ಪು ಒಂದು ಕೂದಲೆಳೆಯಷ್ಟೂ ಕಮ್ಮಿಯಾಗುವುದಿಲ್ಲ. ಅವರಿಗೆ ಒಂದು ನೆಪ ಬೇಕಿತ್ತು, ನಾನು ಕೊಟ್ಟೆ. ಕಂಪನಿಗೆ ಬರೆಯುವುದಾದರೆ ನನ್ನ ಹೆಸರು ಬರೆ. ಬರುವುದು ಬಿಡುವುದು ನಿನಗೆ ಬಿಟ್ಟದ್ದು, ಇನ್ನು ಬೇಡ ಎನ್ನುವ ಹಕ್ಕು ನನಗಿಲ್ಲ. ನೀನು ಬಂದರೂ ಬರದಿದ್ದರೂ ಮೂರನೇ ತಾರೀಕು ಎರಡೂ ನಲವತ್ತರ ರೈಲಿಗೆ ನಾನು ಸ್ಟೇಷನ್ನಿನಲ್ಲಿರುತ್ತೇನೆ, ಕೈಯಲ್ಲಿ ಎರಡು ಮೇಣದಬತ್ತಿ ಇರುತ್ತವೆ. ನೀನು ನನ್ನ ಜೊತೆ ಮಾತಾಡಬೇಕಾಗಿಲ್ಲ. ಪೆಟ್ಟಿಗೆ ಹೊತ್ತುಕೊಂಡು ನಿನ್ನ ಹಿಂದೆ ಬರುತ್ತೇನೆ. ಹೆದರಿಕೆ ಹೋಗಿಲ್ಲ ಡೆಲಿಯಾ. ಆದರೆ ಈ ಸಲ ನೀರಿನ ಪೀಪಾಯಿ ಪಕ್ಕದಲ್ಲಿ ನಿಲ್ಲುವುದಿಲ್ಲ. ಹಳಿಯ ಹತ್ತಿರ, ಎಲ್ಲರಿಗೂ ಕಾಣುವ ಹಾಗೆ ನಿಂತಿರುತ್ತೇನೆ.

ಹ.